ಗೆರೆಯ ಮೇಲೆ ಗೆರೆ

ಆ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಿಗೆ ಹುಡುಗರು ಇಟ್ಟ ಹೆಸರು ಕೈವಾರ. ಮೇಷ್ಟ್ರುಗಳಿಗೆ ಹುಡುಗರು ಇಡುವ ಹೆಸರುಗಳಲ್ಲಿ ನೂರಕ್ಕೆ ತೊಂಬತ್ತು ಕಿವಿಯಲ್ಲಿ ಕೇಳಬಾರದಂಥವು. ಇದೊಂದು ಮಾತ್ರ ಮರ್ಯಾದೆಯಿಂದ ಹುಟ್ಟಿದ್ದು. ವೃತ್ತ ಬರೆಯಲು ಅವರಿಗೆ ಕೈವಾರವೇ ಬೇಕಾಗಿರಲಿಲ್ಲ. ಬೋರ್ಡಿನ ಮುಂದೆ ಕಾಲು ಊರಿ ನಿಂತು ಭುಜವನ್ನು ಒಂದೇ ಸಲ ತಿರುಗಿಸಿದರೆ ಆಯಿತು, ಸೀಮೆಸುಣ್ಣ ಹೊರಟ ಜಾಗಕ್ಕೇ ಬಂದು ಮುಟ್ಟುತ್ತಿತ್ತು. ಹೊಸದಾಗಿ ಸೇರಿದ ಹುಡುಗರು ನಂಬದೆ, ಬಿಡುವಿನಲ್ಲಿ ದಾರ ಹಿಡಿದು ಅಳೆದು ನೋಡಿ, ಬಾಯಿ ಮುಚ್ಚಿಕೊಂಡು ಹೋಗಿ ಕೂರುತ್ತಿದ್ದರು. ಮೇಷ್ಟ್ರು ಅದನ್ನು ವರಾಂಡದಿಂದ ನೋಡಿಯೂ ನೋಡದವರ ಹಾಗೆ ಇರುತ್ತಿದ್ದರು. ಅವರಿಗೆ ಜಂಬ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೇಕಾದಷ್ಟಿತ್ತು.

ಕೈ ಅಪ್ಪನಿಂದ ಬಂದದ್ದು. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು. ಏಣಿ ಹತ್ತಿ, ಬಿಸಿಲಿಗೆ ಬೆನ್ನು ಕೊಟ್ಟು, ಚಪ್ಪಲಿ ಅಂಗಡಿಗೂ ಔಷಧಿ ಅಂಗಡಿಗೂ ಒಂದೇ ಶ್ರದ್ಧೆಯಿಂದ ಅಕ್ಷರ ತಿದ್ದುತ್ತಿದ್ದ. ತಮಾಷೆಯೆಂದರೆ ಅವನಿಗೆ ಓದಲು ಬರುತ್ತಿರಲಿಲ್ಲ. ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಹೂವು ಬಳ್ಳಿ ಬಿಡಿಸಿದ ಹಾಗೆ ಬಿಡಿಸುತ್ತಿದ್ದ. ಮಗ ಶಾಲೆ ಬಿಟ್ಟು ಕುಂಚ ಹಿಡಿಯುತ್ತೇನೆ ಎಂದು ಒಮ್ಮೆ ಹಟ ಹಿಡಿದಾಗ ಅಪ್ಪ ಏಣಿಯ ಮೇಲಿಂದಲೇ ಹೇಳಿದ್ದನಂತೆ, ಬೋರ್ಡೇ ಬರೆಯೋ ಮಾರಾಯ, ಬೇಡ ಅನ್ನಲ್ಲ, ಆದರೆ ನೆರಳಲ್ಲಿ ನಿಂತು ಬರಿ ಎಂದು. ಮಗ ಹಾಗೇ ಮಾಡಿದ. ಹೊಸ ಕ್ಲಾಸಿಗೆ ಹೋದ ಮೊದಲ ದಿನ ಈ ಕತೆ ಹೇಳದೆ ಮೇಷ್ಟ್ರು ಪಾಠ ಶುರು ಮಾಡಿದ್ದೇ ಇಲ್ಲ. ಹುಡುಗರು ಪ್ರತಿ ವರ್ಷವೂ ನಗುತ್ತಿದ್ದರು, ಮೇಷ್ಟ್ರು ಪ್ರತಿ ವರ್ಷವೂ ಅದೇ ಜಾಗದಲ್ಲಿ ನಿಲ್ಲಿಸಿ ನಗಲು ಬಿಡುತ್ತಿದ್ದರು.

ಅವರಿಗಿದ್ದ ಆಸೆ ಹೆಡ್‌ಮಾಸ್ಟರ್ ಕುರ್ಚಿಯದು. ಕುರ್ಚಿಗಾಗಿ ಕುರ್ಚಿ ಬೇಕೆನ್ನುವ ಜಾತಿಯವರಲ್ಲ ಅವರು. ಅವರಿಗೆ ಬೇಕಾಗಿದ್ದದ್ದು ಒಂದು ಕೋಣೆ. ನಾಲ್ಕೂ ಗೋಡೆ, ನೆಲದಿಂದ ಸೂರಿನವರೆಗೆ, ಬರೀ ಕಪ್ಪು ಹಲಗೆ. ಪ್ರತಿ ಮಗುವಿಗೂ ನಿಂತು ಬರೆಯಲು ತನ್ನದೇ ಒಂದು ತುಂಡು ಗೋಡೆ. ಪುಸ್ತಕದಲ್ಲಿ ತಪ್ಪು ಮಾಡಿದರೆ ಕೆಂಪು ಶಾಯಿ ಬೀಳುತ್ತದೆ, ಕಲೆ ಉಳಿಯುತ್ತದೆ. ಹಲಗೆಯ ಮೇಲೆ ತಪ್ಪು ಮಾಡಿದರೆ ಅಂಗೈಯಲ್ಲಿ ಒರೆಸಿಕೊಂಡು ಮತ್ತೆ ಬರೆಯಬಹುದು. ಮಕ್ಕಳಿಗೆ ಹೆದರಿಕೆಯಿಲ್ಲದೆ ತಪ್ಪು ಮಾಡಲು ಒಂದು ಜಾಗ ಬೇಕು ಎನ್ನುವುದು ಅವರ ವಾದ. ಬಂದ ಹೆಡ್‌ಮಾಸ್ಟರುಗಳಿಗೆಲ್ಲ ಹೇಳಿ ನೋಡಿದ್ದರು. ಒಬ್ಬರು ನಕ್ಕರು, ಒಬ್ಬರು ಆಗಲಿ ನೋಡೋಣ ಎಂದು ಹಲ್ಲುಕಡ್ಡಿ ಹುಡುಕಿದರು, ಈಗಿರುವವರು ಖಾಲಿಯಿದ್ದ ಒಂದು ಕೋಣೆಯನ್ನೂ ಮುರಿದ ಬೆಂಚು ತುಂಬಲು ತೆಗೆದುಕೊಂಡರು. ಅವರು ಈ ವರ್ಷದ ಕೊನೆಗೆ ನಿವೃತ್ತರಾಗುವವರು. ಹಿರಿತನದಲ್ಲಿ ಮುಂದಿನವರು ನಮ್ಮ ಮೇಷ್ಟ್ರು. ಮೇಲಿನ ಅಧಿಕಾರಿಗಳು ಬಂದು ಒಂದು ಪಾಠ ಕೂತು ಕೇಳಿ ತಲೆದೂಗಿದರೆ ಕುರ್ಚಿ ಕೈಗೆ ಬಂದ ಹಾಗೆಯೇ.

ಇಷ್ಟು ಹತ್ತಿರ ಬಂದಾಗ ಕಣ್ಣು ಕೈಕೊಟ್ಟಿತು.

ಮೊದಲು ಪೇಪರಿನಲ್ಲಿ ಗೊತ್ತಾದದ್ದು. ಓದಬೇಕೆಂದು ನೋಡಿದ ಪದವೇ ಮಾಯ. ಅದರ ಅಕ್ಕಪಕ್ಕದ್ದು ಇದೆ, ಮೇಲಿನದು ಕೆಳಗಿನದು ಇದೆ, ದಿಟ್ಟಿಸಿದ ಜಾಗದಲ್ಲಿ ಮಾತ್ರ ಬೂದಿ ಉಜ್ಜಿದ ಹಾಗೆ ಒಂದು ಮಸುಕು. ಕಣ್ಣು ಪಕ್ಕಕ್ಕೆ ಸರಿಸಿದರೆ ಆ ಪದ ಬರುತ್ತದೆ, ಸಿಕ್ಕಿತೆಂದು ಅದರ ಕಡೆ ತಿರುಗಿದರೆ ಮತ್ತೆ ಹೋಗುತ್ತದೆ. ಕಣ್ಣಿನ ಡಾಕ್ಟರು ಕತ್ತಲೆ ಕೋಣೆಯಲ್ಲಿ ಕೂರಿಸಿ, ಗದ್ದವನ್ನು ಒಂದು ಕಬ್ಬಿಣದ ಆನಿಕೆಯ ಮೇಲೆ ಇಡಿಸಿ, ಬೆಳಕು ಬಿಟ್ಟು ನೋಡಿದರು. ನಡುವಿನ ನೋಟ ಹೋಗುತ್ತಿದೆ, ಅಂಚು ಉಳಿಯುತ್ತದೆ, ಹೋದದ್ದು ಬರುವುದಿಲ್ಲ ಎಂದರು. ನಡೆದಾಡಬಹುದು, ಮೆಟ್ಟಿಲು ಹತ್ತಬಹುದು, ಓದು ಬರಹ ಕಷ್ಟ, ಮುಖಗಳೂ ಕಷ್ಟ. ಪೂರ್ತಿ ಕುರುಡಾಗುವುದಿಲ್ಲ ಎಂದು ಸಮಾಧಾನಕ್ಕೆ ಸೇರಿಸಿದರು. ಮೇಷ್ಟ್ರು ಬೇರೆ ಎಲ್ಲವನ್ನೂ ಅಲ್ಲೇ ಬಿಟ್ಟು ಆ ಕೊನೆಯ ಮಾತೊಂದನ್ನು ಗಂಟು ಕಟ್ಟಿಕೊಂಡು ಮನೆಗೆ ಬಂದರು.

ಮನೆಯಲ್ಲಿ ಹೆಂಡತಿಗೆ ಮುಚ್ಚಿಡಲು ಆಗಲಿಲ್ಲ. ಆಕೆ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು; ನೋವು ಮುಚ್ಚಿಡುವವರನ್ನು ದಿನವೂ ನೋಡುವವಳು. ಗಂಡ ತನ್ನೊಂದಿಗೆ ಮಾತಾಡುವಾಗ ಕಿವಿಯ ಕಡೆ ನೋಡುತ್ತಾರೆ ಎಂಬುದನ್ನು ಆಕೆ ಎರಡೇ ದಿನದಲ್ಲಿ ಹಿಡಿದಳು. ಸ್ಕೂಲಿನಲ್ಲಿ ಹೇಳಿಬಿಡಿ, ಬೇರೆ ಏನಾದರೂ ಕೆಲಸ ಕೊಡುತ್ತಾರೆ ಎಂದಳು. ಮೇಷ್ಟ್ರು ತಮ್ಮ ಲೆಕ್ಕ ಬಿಡಿಸಿಟ್ಟರು: ಪಾಠವೆಲ್ಲ ಬಾಯಲ್ಲೇ ಇದೆ, ಯಾವ ಪುಸ್ತಕವೂ ಬೇಡ, ಈ ಒಂದು ವರ್ಷ ದಾಟಿಸಿದರೆ ಹೆಡ್‌ಮಾಸ್ಟರು, ಹೆಡ್‌ಮಾಸ್ಟರು ಬೋರ್ಡಿನ ಮೇಲೆ ಬರೆಯುವುದಿಲ್ಲ, ಗುಮಾಸ್ತ ಓದಿ ಹೇಳುತ್ತಾನೆ, ಇವರು ರುಜು ಹಾಕಿ ಗದರಿಸಿದರೆ ಆಯಿತು. ಈಗ ಬಾಯಿಬಿಟ್ಟರೆ ಎಲ್ಲ ನೀರಿನಲ್ಲಿ ಹೋಮ. ಹೆಂಡತಿ ಬಟ್ಟೆ ಮಡಚುತ್ತಿದ್ದವಳು ನಿಲ್ಲಿಸಿ ಕೇಳಿದಳು.

"ನೀವು ಎಡವಿ ಬಿದ್ರೆ ನಾನು ನೋಡ್ಕೋತೀನಿ. ಆ ಮಕ್ಕಳು ಬಿದ್ರೆ ಯಾರು ನೋಡ್ಕೋತಾರೆ?"

ಮೇಷ್ಟ್ರು, ನರ್ಸುಗಳಿಗೆ ಎಲ್ಲದರಲ್ಲೂ ರೋಗವೇ ಕಾಣುತ್ತದೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಎದ್ದು ಹೋದರು.

ಆ ವರ್ಷ ಅವರ ಪಾಲಿಗೆ ಬಂದದ್ದು ಹತ್ತನೇ ಕ್ಲಾಸು, ಪಬ್ಲಿಕ್ ಪರೀಕ್ಷೆಯ ಕ್ಲಾಸು. ಹಿಂದಿನ ವರ್ಷ ಒಂಬತ್ತರಲ್ಲೂ ಅವರೇ ಪಾಠ ಮಾಡಿದ ಮಕ್ಕಳು. ಮೊದಲ ದಿನ ಎಂದಿನಂತೆ ಅಪ್ಪನ ಕತೆ ಹೇಳಿದರು. ಆಮೇಲೆ ತಮ್ಮ ಕೋಣೆಯ ಕನಸನ್ನೂ ಹೇಳಿದರು. ಕನಸು ಹೇಳಿಕೊಂಡ ಮೇಲೆ ಕೇಳದೆ ಇರಲಾಗುತ್ತದೆಯೇ, ನೀವೇನಾಗುತ್ತೀರಿ ಎಂದು ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದರು. ಪೊಲೀಸು, ಡಾಕ್ಟರು, ಲಾರಿ ಓನರು ಎಂದು ಮಾಮೂಲಿ ಬೆಳೆಯೇ ಬಂತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಸೇತುವೆ ಕಟ್ಟುತ್ತೇನೆ ಎಂದಳು. ಸರಿಯಾಗಿ ಕೂಡಿ ಕಳೆಯೋದು ಕಲಿ ತಾಯಿ, ಇಲ್ಲದಿದ್ದರೆ ಬಸ್ಸಿನ ಸಮೇತ ನಾವೆಲ್ಲ ನೀರಿಗೆ ಬೀಳ್ತೀವಿ ಎಂದು ಮೇಷ್ಟ್ರು ನಗಿಸಿದರು.

ಆ ಹುಡುಗಿಗೆ ಡೌಟು ಎಂದು ಹೆಸರಿಟ್ಟಿದ್ದವರೂ ಅವರೇ. ಒಂಬತ್ತನೇ ಕ್ಲಾಸಿನಲ್ಲಿ ಅವಳ ಕೈ ಕೆಳಗಿಳಿದದ್ದನ್ನು ಕಂಡವರಿಲ್ಲ. ಸರ್ ಒಂದು ಡೌಟು, ಸರ್ ಇನ್ನೊಂದು ಡೌಟು. ಸೊನ್ನೆಯಿಂದ ಭಾಗಿಸಬಾರದು ಎಂದರೆ ಯಾಕೆ ಬಾರದು, ಭಾಗಿಸಿಬಿಟ್ಟರೆ ಯಾರು ಬಂದು ಹಿಡಿಯುತ್ತಾರೆ ಎಂದು ಕೇಳುವ ಪೈಕಿ. ಮೇಷ್ಟ್ರು ಮೇಲೆ ಮೇಲೆ ರೇಗುತ್ತಿದ್ದರು, ಒಳಗೆ ಹಿಗ್ಗುತ್ತಿದ್ದರು. ಅವಳ ತಾಯಿ ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಕೆಲಸದವಳು, ಗಂಡನಿಲ್ಲದವಳು. ಹತ್ತನೇ ಕ್ಲಾಸು ಪಾಸಾದರೆ ಮುಂದೆ ಓದಿಸುತ್ತೇನೆ, ಇಲ್ಲದಿದ್ದರೆ ನನ್ನ ಜೊತೆ ಬಾ ಎಂದು ಆಕೆ ಮಗಳಿಗೆ ಮೊದಲೇ ಹೇಳಿಟ್ಟಿದ್ದಳು. ಇದು ಮೇಷ್ಟ್ರಿಗೂ ಗೊತ್ತಿತ್ತು, ಇಡೀ ಕ್ಲಾಸಿಗೂ ಗೊತ್ತಿತ್ತು.

ವರ್ಷ ಉರುಳಿತು. ಮೇಷ್ಟ್ರು ಅಂದುಕೊಂಡದ್ದಕ್ಕಿಂತ ಸಲೀಸಾಗಿಯೇ ಉರುಳಿತು. ಬಾಗಿಲಿನಿಂದ ಬೋರ್ಡಿಗೆ ಕಾಲು ತಾನಾಗಿ ಹೋಗುತ್ತಿತ್ತು. ಬೋರ್ಡಿಗೆ ಮುಖ ಮಾಡಿ ನಿಂತರೆ ಪ್ರಮೇಯಗಳು ನೀರು ಹರಿದ ಹಾಗೆ ಬರುತ್ತಿದ್ದವು. ಟೆಸ್ಟು ಪೇಪರು ತಿದ್ದುವುದು ಒಂದು ತಲೆನೋವಾಗಿತ್ತು. ಅದಕ್ಕೂ ಉಪಾಯ ಹುಡುಕಿದರು. ಒಬ್ಬರ ಪೇಪರನ್ನು ಇನ್ನೊಬ್ಬರು ತಿದ್ದಿ, ತಿದ್ದುವಾಗಲೂ ಕಲಿಯಬಹುದು ಎಂದರು. ಮಕ್ಕಳು ಒಬ್ಬರಿಗೊಬ್ಬರು ಧಾರಾಳವಾಗಿ ಅಂಕ ಕೊಟ್ಟುಕೊಂಡರು. ಇದು ಹೊಸ ಪದ್ಧತಿ ಎಂದು ಹೆಡ್‌ಮಾಸ್ಟರು ಸ್ಟಾಫ್ ಮೀಟಿಂಗಿನಲ್ಲಿ ಹೊಗಳಿದರು. ಮೇಷ್ಟ್ರು ಹೊಗಳಿಕೆಯನ್ನು ತಲೆ ತಗ್ಗಿಸಿ ಸ್ವೀಕರಿಸಿದರು, ತಲೆ ತಗ್ಗಿಸಲು ಬೇರೆ ಕಾರಣವೂ ಇತ್ತು.

ಮೇಷ್ಟ್ರಿಗೆ ಧೈರ್ಯ ಕೊಟ್ಟದ್ದು ಕ್ಲಾಸಿನ ಮೌನ. ಅವರದೊಂದು ನಂಬಿಕೆ ಇತ್ತು, ಹೊಸ ಮೇಷ್ಟ್ರುಗಳಿಗೂ ಅದನ್ನೇ ಹೇಳಿಕೊಡುತ್ತಿದ್ದರು: ಅರ್ಥವಾಗದ ಕ್ಲಾಸು ಗುಜುಗುಜು ಅನ್ನುತ್ತದೆ, ಪೆನ್ಸಿಲ್ ಬೀಳಿಸುತ್ತದೆ, ನೀರು ಕುಡಿಯಲು ಹೋಗುತ್ತೇನೆ ಎನ್ನುತ್ತದೆ, ಅರ್ಥವಾದ ಕ್ಲಾಸು ಸುಮ್ಮನೆ ಬರೆದುಕೊಳ್ಳುತ್ತದೆ. ಬೋರ್ಡಿಗೆ ಮುಖ, ಮಕ್ಕಳಿಗೆ ಬೆನ್ನು ಕೊಟ್ಟು ನಿಲ್ಲುವವನಿಗೆ ಬೆನ್ನೇ ಕಣ್ಣು ಎನ್ನುತ್ತಿದ್ದರು. ಈ ವರ್ಷ ಬೆನ್ನ ಹಿಂದೆ ಸೂಜಿ ಬಿದ್ದರೂ ಕೇಳುವಂಥ ಮೌನ. ಡೌಟು ಕೂಡ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಹುಡುಗಿ ಬೆಳೆದಳು, ತಾನೇ ಯೋಚಿಸಿ ಉತ್ತರ ಹುಡುಕಿಕೊಳ್ಳುತ್ತಾಳೆ ಎಂದು ಮೇಷ್ಟ್ರು ಹೆಮ್ಮೆಪಟ್ಟರು. ಹೆಂಡತಿಗೂ ಹೇಳಿದರು. ಆಕೆ ಎದ್ದು ಒಲೆಯ ಕಡೆ ಹೋದಳು.

ಅಧಿಕಾರಿಗಳು ಬಂದ ದಿನವಂತೂ ಆ ಕ್ಲಾಸು ಮೇಷ್ಟ್ರ ಮಾನ ಉಳಿಸಿತು. ಯಾವ ಪಾಠ ಎಂದು ವಾರದ ಮೊದಲೇ ಬರೆದುಕೊಡಬೇಕಾಗಿತ್ತು. ಮೇಷ್ಟ್ರು ವೃತ್ತದ ಸ್ಪರ್ಶಕ ಎಂದು ಬರೆಸಿಕೊಟ್ಟಿದ್ದರು. ಭುಜ ತಿರುಗಿಸಿ ವೃತ್ತ ಎಳೆದಾಗ ಹಿಂದಿನ ಬೆಂಚಿನಲ್ಲಿ ಕೂತಿದ್ದ ಅಧಿಕಾರಿಗಳು ಓಹೋ ಎಂದದ್ದು ಮುಂದಕ್ಕೂ ಕೇಳಿಸಿತು. ಅವರಲ್ಲಿ ಒಬ್ಬರು ಎದ್ದು, ಇಷ್ಟು ದೂರಕ್ಕೆ ಬರಹ ಸರಿಯಾಗಿ ಕಾಣುತ್ತಿಲ್ಲ, ಮೂರನೇ ಸಾಲು ಎರಡನೆಯದರಿಂದ ಹೇಗೆ ಬಂತು ಎಂದು ಕೇಳಿದರು. ಯಾವ ಸಾಲು ಎಲ್ಲಿದೆ ಎಂದು ಮೇಷ್ಟ್ರಿಗೆ ಕಂಡರೆ ತಾನೆ? ಅಷ್ಟರಲ್ಲಿ ಡೌಟು ಎದ್ದು ನಿಂತು ಪಟಪಟನೆ ಹೇಳಿದಳು. ಇನ್ನೊಂದು ಪ್ರಶ್ನೆಗೆ ಮೂಲೆಯ ಹುಡುಗ ಹೇಳಿದ. ಮೂರನೆಯದಕ್ಕೆ ಇಡೀ ಕ್ಲಾಸೇ ಹೇಳಿತು. ಅಧಿಕಾರಿಗಳು ಮೇಷ್ಟ್ರ ಕೈ ಕುಲುಕಿ, ಇಂಥ ಕ್ಲಾಸನ್ನು ನಾವು ನೋಡಿಲ್ಲ ಎಂದು ಹೋದರು. ಅದು ನಿಜವೇ ಆಗಿತ್ತು.

ಆ ದಿನಗಳಲ್ಲಿ ಅವರಿಗೆ ಬೀಳುತ್ತಿದ್ದ ಕನಸುಗಳಲ್ಲಿ ಎಲ್ಲವೂ ನಿಚ್ಚಳ. ನಾಲ್ಕು ಗೋಡೆಯ ಕಪ್ಪು ಕೋಣೆ, ಮಕ್ಕಳ ಬೆರಳಿಗೆ ಹತ್ತಿದ ಬಿಳಿ, ಒಬ್ಬನ ಮೂಗಿನ ಮೇಲಿನ ಮಚ್ಚೆ, ಗೋಡೆ ತುಂಬ ಬಗೆಬಗೆಯ ತಪ್ಪುಗಳು. ಒಂದು ಮೂಲೆಯಲ್ಲಿ ಏಣಿ ಹಾಕಿಕೊಂಡು ಅಪ್ಪನೂ ಏನೋ ಬರೆಯುತ್ತಿರುತ್ತಿದ್ದ. ಬೆಳಿಗ್ಗೆ ಎದ್ದು ಪಕ್ಕಕ್ಕೆ ತಿರುಗಿದರೆ ಹೆಂಡತಿಯ ದಿಂಬು ಇದೆ, ಕೂದಲು ಇದೆ, ಮುಖ ಇಲ್ಲ. ಅವಳ ಮುಖ ಕಾಣಬೇಕಾದರೆ ಗೋಡೆಯ ಗಡಿಯಾರದ ಕಡೆ ನೋಡಬೇಕಾಗಿತ್ತು. ದುಃಖವಾಗುತ್ತಿತ್ತು, ಆದರೆ ಇನ್ನು ಸ್ವಲ್ಪವೇ ತಾನೆ ಎಂದು ಅದನ್ನು ನುಂಗಿಕೊಂಡು ಮುಖ ತೊಳೆಯಲು ಏಳುತ್ತಿದ್ದರು.

ಬಡ್ತಿಯ ಆರ್ಡರು ಬಂತು. ಅದರ ಬೆನ್ನಿಗೇ ಫಲಿತಾಂಶವೂ ಬಂತು.

ಗಣಿತದಲ್ಲಿ ಮುಕ್ಕಾಲು ಪಾಲು ಕ್ಲಾಸು ನೆಲಕಚ್ಚಿತ್ತು. ಪಾಸಾದವರಲ್ಲೂ ದಡ ಮುಟ್ಟಿ ಏದುಸಿರು ಬಿಟ್ಟವರೇ ಹೆಚ್ಚು. ಡೌಟು ಫೇಲು. ಗುಮಾಸ್ತ ಓದಿ ಹೇಳಿದಾಗ ಮೇಷ್ಟ್ರು ಇನ್ನೊಮ್ಮೆ ಓದಿಸಿದರು, ಮತ್ತೂ ಒಮ್ಮೆ ಓದಿಸಿದರು. ಸ್ಟಾಫ್ ರೂಮಿನಲ್ಲಿ ಅವರ ಕಡೆ ಯಾರೂ ಬೊಟ್ಟು ಮಾಡಲಿಲ್ಲ. ಈ ಬ್ಯಾಚೇ ಹಾಗೆ ಸರ್, ನಿಮ್ಮ ಪಾಠಕ್ಕೂ ಪಾಸಾಗದವರು ಇನ್ಯಾರ ಪಾಠಕ್ಕೆ ಆಗ್ತಾರೆ ಎಂದು ಸಮಾಧಾನ ಹೇಳಿ, ಅದೇ ಬಾಯಲ್ಲಿ ಬಡ್ತಿಯ ಟೀ ಯಾವಾಗ ಎಂದು ಕೇಳಿದರು. ಟೀ ಕುಡಿದು ಎಲ್ಲರೂ ಎದ್ದು ಹೋದ ಮೇಲೂ ವಿಜ್ಞಾನದ ಮೇಡಂ ಒಬ್ಬರು ಕೂತೇ ಇದ್ದರು. ಎದ್ದು ಬಾಗಿಲು ಮುಂದಕ್ಕೆ ತಳ್ಳಿ ಬಂದರು.

"ಸರ್, ವರ್ಷವೆಲ್ಲ ನಿಮ್ಮ ಬೋರ್ಡು ಅಳಿಸ್ತಿದ್ದವಳು ನಾನು," ಎಂದರು.

ಆ ಸ್ಕೂಲಿನಲ್ಲಿ ಒಂದು ಪದ್ಧತಿ ಇತ್ತು. ಪಾಠ ಮುಗಿಸಿದವರು ಬೋರ್ಡು ಅಳಿಸಿ ಹೋಗುವ ಹಾಗಿಲ್ಲ. ಹಿಂದೆ ಬಿದ್ದ ಮಕ್ಕಳು ಬಿಡುವಿನಲ್ಲಿ ಬರೆದುಕೊಳ್ಳಲಿ ಎಂದು ಬಿಟ್ಟು ಹೋಗಬೇಕು, ಮುಂದಿನ ಪಾಠದವರು ಬಂದು ಅಳಿಸಿಕೊಳ್ಳಬೇಕು. ಪದ್ಧತಿ ತಂದವರು ಬೇರೆ ಯಾರೂ ಅಲ್ಲ, ನಮ್ಮ ಮೇಷ್ಟ್ರೇ. ಗಣಿತದ ನಂತರ ಹತ್ತನೇ ಕ್ಲಾಸಿಗೆ ವಿಜ್ಞಾನ.

ಮೇಡಂ ನಿಧಾನವಾಗಿ ಹೇಳಿದರು. ಶುರುವಿನಲ್ಲಿ ಬೋರ್ಡು ಚೆನ್ನಾಗೇ ಇರುತ್ತಿತ್ತು. ಆಮೇಲೆ ಸಾಲು ಓರೆಯಾದವು. ಆಮೇಲೆ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಬರತೊಡಗಿತು. ಅರ್ಧ ವರ್ಷ ಕಳೆಯುವ ಹೊತ್ತಿಗೆ ಒಂದು ಪ್ರಮೇಯದ ಹೊಟ್ಟೆಯಲ್ಲಿ ಇನ್ನೊಂದು ಪ್ರಮೇಯ, ಗೆರೆಯ ಮೇಲೆ ಗೆರೆ, ಬೋರ್ಡಿನ ಒಂದು ಕಡೆ ಇಷ್ಟು ದಪ್ಪ ಬಿಳಿ, ಇನ್ನೊಂದು ಕಡೆ ಒಂದಕ್ಷರವೂ ಇಲ್ಲ. ವೃತ್ತ ಮಾತ್ರ ವೃತ್ತವಾಗಿಯೇ ಇರುತ್ತಿತ್ತು. ಬಾಯಲ್ಲಿ ಇದು, ಅದು, ಇಲ್ಲಿಂದ ಅಲ್ಲಿಗೆ ಎಂದು ಬೆರಳು ತೋರಿಸಿ ಪಾಠ ಮಾಡುವ ಮೇಷ್ಟ್ರ ಬೆರಳು ಎಲ್ಲಿಗೆ ಹೋಗುತ್ತಿತ್ತೋ ದೇವರಿಗೇ ಗೊತ್ತು. ಮೇಡಂ ಒಂದು ದಿನ ಮಕ್ಕಳನ್ನು ಕೇಳಿದರು. ಡೌಟು ಎದ್ದು ನಿಂತು, ದಯವಿಟ್ಟು ಯಾರಿಗೂ ಹೇಳಬೇಡಿ ಮೇಡಂ, ಸರ್ ಹೆಡ್‌ಮಾಸ್ಟರ್ ಆಗೋವರೆಗೆ ಹೇಳಬೇಡಿ ಎಂದು ಕೈ ಮುಗಿದಳು. ಕ್ಲಾಸಿನಲ್ಲಿ ಒಬ್ಬರೂ ಬಾಯಿ ಬಿಡಬಾರದೆಂದು ಅವರವರೇ ಮಾತಾಡಿಕೊಂಡಿದ್ದರು. ನಿಮ್ಮ ಪಾಠದ ಗತಿ ಏನು ಎಂದು ಕೇಳಿದ್ದಕ್ಕೆ, ನಾವು ಹೊರಗೆ ಟ್ಯೂಷನ್ ಹೇಳಿಸಿಕೊಳ್ಳುತ್ತೇವೆ ಎಂದರು. ಹೊರಗೆ ಹೇಳಿಸಿಕೊಳ್ಳುವ ಅನುಕೂಲ ಆ ಮಕ್ಕಳಲ್ಲಿ ಎಷ್ಟು ಜನಕ್ಕಿತ್ತು ಎಂದು ತಾನು ಕೇಳಬೇಕಾಗಿತ್ತು, ಕೇಳಲಿಲ್ಲ ಎಂದು ಮೇಡಂ ಅತ್ತರು. ಅಧಿಕಾರಿಗಳ ಮುಂದೆ ಹೇಳಿದ ಆ ಒಂದು ಪಾಠವನ್ನು ಮಾತ್ರ ಮಕ್ಕಳು ವಾರವಿಡೀ ಗಿಳಿಪಾಠ ಮಾಡಿಕೊಂಡಿದ್ದರಂತೆ, ಕೇಳಬಹುದಾದ ಪ್ರಶ್ನೆಗಳನ್ನೂ ತಾವೇ ಊಹಿಸಿ ಹಂಚಿಕೊಂಡಿದ್ದರಂತೆ.

ಮೇಷ್ಟ್ರು ಜೇಬಿನಲ್ಲಿದ್ದ ಸೀಮೆಸುಣ್ಣದ ತುಂಡನ್ನು ತೆಗೆದು ಬೆರಳಲ್ಲಿ ಹೊರಳಿಸಿದರು.

ಸೀಮೆಸುಣ್ಣ ಬರೀ ಹಲಗೆಯ ಮೇಲೆ ಓಡುವುದಕ್ಕೂ ಸುಣ್ಣದ ಮೇಲೆ ಓಡುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಹಿಡಿಯುತ್ತದೆ, ಎರಡನೆಯದು ಜಾರುತ್ತದೆ. ಒಂದು ವಾರ ಪಾಠ ಮಾಡಿದವನಿಗೂ ಅದು ಬೆರಳಿಗೆ ಗೊತ್ತಾಗುತ್ತದೆ. ಈ ಕೈಗೆ, ಕೈವಾರ ಎಂದು ಹೆಸರು ಪಡೆದ ಕೈಗೆ, ಗೊತ್ತಾಗಲಿಲ್ಲ ಎಂದು ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ. ಗೊತ್ತಾಗಿತ್ತು. ಆಗೆಲ್ಲ ಮೇಷ್ಟ್ರು ಬೆನ್ನ ಹಿಂದಿನ ಮೌನಕ್ಕೆ ಕಿವಿಗೊಟ್ಟು, ಏನೂ ಆಗಿಲ್ಲ, ಮಕ್ಕಳು ಬರೆದುಕೊಳ್ಳುತ್ತಿದ್ದಾರೆ ಎಂದು ಮುಂದುವರಿದಿದ್ದರು. ಮಕ್ಕಳು ಸುಮ್ಮನಿದ್ದದ್ದು ಪ್ರೀತಿಗೆ. ಇವರು ಸುಮ್ಮನಿದ್ದದ್ದು ಯಾವುದಕ್ಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದರು. ಆಕೆ ನಾನು ಆಗಲೇ ಹೇಳಿದ್ದೆ ಎನ್ನಲಿಲ್ಲ. ಅಂದಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು. ಆ ಹುಡುಗಿಯ ಮನೆಗಾದರೂ ಹೋಗಿ ಬನ್ನಿ, ಇನ್ನೂ ಮರುಪರೀಕ್ಷೆ ಇದೆಯಲ್ಲ ಎಂದಷ್ಟೇ ಹೇಳಿದಳು. ಹೌದು, ಮರುಪರೀಕ್ಷೆ ಇತ್ತು. ತಾಯಿಗೆ ಇದ್ದದ್ದು ಇದ್ದ ಹಾಗೆ ಹೇಳುವುದು, ತಪ್ಪು ಹುಡುಗಿಯದಲ್ಲ ಎಂದು ಒಪ್ಪಿಸುವುದು, ಬೇರೆ ಯಾರಿಂದಾದರೂ ಪಾಠ ಹೇಳಿಸಿ ಪರೀಕ್ಷೆಗೆ ಕೂರಿಸುವುದು. ಕುರ್ಚಿ ಹೋದರೆ ಹೋಗಲಿ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಹೋದರು. ಹೇಳಬೇಕಾದ ಮಾತನ್ನು ಪಾಠದ ಹಾಗೆ ಬಾಯಿಪಾಠ ಮಾಡಿಕೊಂಡರು.

ಲಾಂಡ್ರಿಯ ಮೇಲಿನ ಕೋಣೆಗಳಲ್ಲೇ ಕೆಲಸದವರ ವಾಸ. ಕೆಳಗೆ ಇಸ್ತ್ರಿ ಮಾಡುವ ಬಿಸಿ ರೋಲರುಗಳು ತಿರುಗುತ್ತಿದ್ದವು. ಹೆಂಗಸರು ಇಬ್ಬಿಬ್ಬರಾಗಿ ಒದ್ದೆ ಚಾದರದ ಎರಡು ತುದಿ ಹಿಡಿದು ಅವುಗಳ ಬಾಯಿಗೆ ಕೊಡುತ್ತಿದ್ದರು. ಕಬ್ಬಿಣದ ಮೆಟ್ಟಿಲಿಗೆ ಆವಿ ಬಡಿದು ಪಕ್ಕದ ಕಂಬಿ ಅಂಟಂಟಾಗಿತ್ತು. ಅರ್ಧ ಮೆಟ್ಟಿಲಲ್ಲೇ ಡೌಟು ಸಿಕ್ಕಳು. ಮೇಷ್ಟ್ರಿಗೆ ಗೊತ್ತಾದದ್ದು ದನಿಯಿಂದ. ಸರ್, ಇಲ್ಲಿ ಮೆಟ್ಟಿಲು ಸ್ವಲ್ಪ ಮುರಿದಿದೆ ಎಂದು ಮೊದಲು ಹೇಳಿದಳು. ಆಮೇಲೆ ದನಿ ತಗ್ಗಿಸಿದಳು.

"ಅಮ್ಮಂಗೆ ಏನೂ ಹೇಳಬೇಡಿ ಸರ್. ಗೊತ್ತಾದ್ರೆ ಸೀದಾ ಸ್ಕೂಲಿಗೆ ಬಂದು ಕೂಗಾಡ್ತಾಳೆ. ನಿಮ್ಮ ಆರ್ಡರ್ ವಾಪಸ್ ತಗೋತಾರೆ. ನಾವು ಇಷ್ಟೆಲ್ಲ ಮಾಡಿದ್ದು ದಂಡ ಆಗತ್ತೆ."

ಮೇಷ್ಟ್ರು ಅವಳ ತಲೆಯ ಮೇಲೆ ಕೈ ಇಟ್ಟು, ಸುಮ್ಮನಿರು, ನಾನು ಹೇಳೋದಕ್ಕೇ ಬಂದದ್ದು ಎಂದು ಹತ್ತಿದರು.

ಒಂದೇ ಕೋಣೆ. ಕೆಳಗಿನ ಯಂತ್ರಗಳ ಕಾವಿಗೆ ನೆಲ ಬೆಚ್ಚಗಿತ್ತು, ಚಪ್ಪಲಿ ಬಿಟ್ಟ ಅಂಗಾಲಿಗೆ ಅದು ತಟ್ಟನೆ ತಿಳಿಯಿತು. ತಾಯಿ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ಗೋಡೆಗೆ ಒರಗಿ ಕೂತಿದ್ದವಳು ಮೇಷ್ಟ್ರನ್ನು ಕಂಡು ತಡಬಡಿಸಿ ಎದ್ದಳು. ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೂರಿಸಿದಳು. ಹೆಡ್‌ಮಾಸ್ಟರ್ ಆದಿರಂತೆ, ಮಗಳು ಹೇಳಿದಳು, ಮನೆಯವರೇ ಯಾರೋ ಆದಷ್ಟು ಕುಣಿದಾಡಿದಳು ಎಂದಳು. ಮೇಷ್ಟ್ರು ಪೀಠಿಕೆ ಹಾಕದೆ ಮರುಪರೀಕ್ಷೆಯ ವಿಷಯ ತೆಗೆದರು. ನಿಮ್ಮ ಮಗಳಿಗೆ ತಲೆ ಇದೆ, ನನ್ನ ಕೈಕೆಳಗೆ ಬಂದ ಮಕ್ಕಳಲ್ಲಿ ಅಂಥ ತಲೆ ಅಪರೂಪ ಎಂದರು.

ತಾಯಿ ತಾಳ್ಮೆಯಿಂದ ಕೇಳಿಸಿಕೊಂಡಳು. ಆಮೇಲೆ ತನ್ನ ಕಡೆಯ ಮಾತು ಹೇಳಿದಳು. ಸೊಂಟ ಹೋಗಿದೆ, ಇನ್ನು ಹೆಚ್ಚು ದಿನ ರೋಲರಿನ ಮುಂದೆ ನಿಲ್ಲಲಾಗದು. ಚಾದರದ ಇನ್ನೊಂದು ತುದಿ ಹಿಡಿಯುವವಳು ಬಿಟ್ಟು ಹೋದಳು, ಆ ಜಾಗ ಮಗಳಿಗೆ ಕೊಡುತ್ತೇನೆ ಎಂದು ಮಾಲೀಕರು ಹೇಳಿದ್ದಾರೆ; ಬೇಡ ಎಂದರೆ ಹೊರಗೆ ಹತ್ತು ಜನ ಕಾಯುತ್ತಿದ್ದಾರೆ. ಅಷ್ಟಾದರೂ ಆಕೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

"ಅವಳಿಗೆ ನಿಜವಾಗ್ಲೂ ತಲೆ ಇದ್ರೆ ಇನ್ನೊಂದೆರಡು ವರ್ಷ ಹೇಗೋ ಮೈ ಸವೆಸ್ತೀನಿ ಸರ್. ಆದರೆ ನನಗೊಂದು ಹೇಳಿ. ನಿಮ್ಮಂಥವರು ಪಾಠ ಹೇಳಿದ್ದೀರಿ. ಇವಳಿಗೆ ತಲೆನೂ ಇದೆ ಅಂತೀರಿ. ಮತ್ತೆ ಹೆಂಗೆ ಫೇಲಾದ್ಲು?"

ಅದಕ್ಕೆ ಇದ್ದದ್ದು ಒಂದೇ ಉತ್ತರ. ಅದನ್ನು ಹೇಳಲೆಂದೇ ಬಂದವರು ಹೇಳಿಯೂ ಬಿಟ್ಟರು. ತಪ್ಪು ನನ್ನದು ಎಂದರು. ತಾಯಿ ನಕ್ಕುಬಿಟ್ಟಳು. ದೊಡ್ಡವರು ಹಾಗೇ ಅನ್ನೋದು, ಅದು ನಿಮ್ಮ ದೊಡ್ಡ ಗುಣ ಎಂದಳು. ಮೇಷ್ಟ್ರು ಕೈಯಾಡಿಸಿ ಆ ನಗುವನ್ನು ತಡೆದರು.

"ಹಾಗಲ್ಲಮ್ಮ. ನನಗೆ ಕಣ್ಣು ಕಾಣ್ಸಲ್ಲ. ಬೋರ್ಡಿನ ಮೇಲೆ ಏನು ಬರೀತಿದ್ದೆ ಅಂತ ನನಗೇ ಕಾಣ್ತಿರಲಿಲ್ಲ."

ಕೆಳಗಿನ ಯಂತ್ರದ ಗುರುಗುರು ಮಾತ್ರ ನೆಲದಿಂದ ಕಾಲಿಗೆ ಬರುತ್ತಿತ್ತು. ತಾಯಿ ಮಗಳ ಕಡೆ ತಿರುಗಿದಳು. ಹೌದೇನೇ ಎಂದು ಕೇಳಿದಳು. ದನಿಯಲ್ಲಿ ಆಗಲೇ ಒಂದು ಕಿಡಿ ಇತ್ತು. ಆ ಕಿಡಿ ಎಲ್ಲಿಗೆ ಹೋಗಿ ಹೊತ್ತಿಕೊಳ್ಳುತ್ತದೆ ಎಂದು ಮೇಷ್ಟ್ರಿಗೂ ಅರ್ಥವಾಯಿತು.

"ಇಲ್ಲಮ್ಮ," ಎಂದಳು ಹುಡುಗಿ. "ಸರ್ ಚೆನ್ನಾಗೇ ಬರೀತಿದ್ರು. ಎಲ್ಲಾ ಕಾಣ್ತಿತ್ತು. ನನ್ನ ತಲೆಗೇ ಹತ್ತಲಿಲ್ಲ. ನನಗೆ ಬೇಜಾರಾಗಬಾರದು ಅಂತ ಸರ್ ಹಾಗಂತಾರೆ."

ಎಷ್ಟು ಸಲೀಸಾಗಿ ಹೇಳಿದಳು. ವರ್ಷವೆಲ್ಲ ಅದನ್ನೇ ಅಭ್ಯಾಸ ಮಾಡಿದವಳು. ಮೇಷ್ಟ್ರು ಅವಳ ಮುಖ ನೋಡಬೇಕೆಂದು ಅವಳ ಕಡೆ ದಿಟ್ಟಿಸಿದರು. ಲಂಗ ಕಂಡಿತು, ಕಟ್ಟಿಕೊಂಡ ಕೈ ಕಂಡಿತು, ಗೋಡೆಗೆ ನೇತುಹಾಕಿದ ಸ್ಕೂಲ್ ಬ್ಯಾಗು ಕಂಡಿತು. ಮುಖವಿರಬೇಕಾದ ಜಾಗದಲ್ಲಿ ಬೂದಿ.

ತಾಯಿ ಹತ್ತಿರ ಬಂದು ನಿಂತಳು. ಅವಳು ದಡ್ಡಿಯಲ್ಲ, ಏನೋ ವಾಸನೆ ಹತ್ತಿತ್ತು.

"ಸರ್, ನೀವೇ ಹೇಳಿ. ನಿಮಗೆ ಕಣ್ಣು ಕಾಣ್ಸತ್ತೋ ಇಲ್ವೋ?"

ಇನ್ನೊಂದು ಸಲ ಅದೇ ಮಾತು ಹೇಳಿದ್ದರೆ ಸಾಕಾಗಿತ್ತು. ಒಂದು ಸಲ ಹೇಳಿದ ಮಾತು, ಎರಡನೆಯ ಸಲಕ್ಕೆ ಏನು ಕಷ್ಟ? ಆದರೆ ಮೊದಲನೆಯ ಸಲ ಹೇಳುವಾಗ ತಪ್ಪಿಸಿಕೊಳ್ಳುವ ಬಾಗಿಲು ತೆರೆದಿರಲಿಲ್ಲ. ಈಗ ಹುಡುಗಿ ಅದನ್ನು ಅಗಲಕ್ಕೆ ತೆರೆದು ಹಿಡಿದುಕೊಂಡು ನಿಂತಿದ್ದಳು. ಕುರ್ಚಿ ನೆನಪಾಯಿತು. ನಾಲ್ಕು ಕಪ್ಪು ಗೋಡೆಯ ಕೋಣೆ ನೆನಪಾಯಿತು. ಒಬ್ಬಳಿಗೆ ಹೋದದ್ದು ಹೋಯಿತು, ಮುಂದೆ ಬರುವ ನೂರಾರು ಮಕ್ಕಳಿಗೆ ಆ ಕೋಣೆ ಆಗುತ್ತದಲ್ಲ ಎಂದು ಒಂದು ಮಾತು, ನೋಡಿ, ಎಷ್ಟು ಬೇಗ ಎಷ್ಟು ಚೆಂದವಾಗಿ ತಲೆಗೆ ಬಂತು. ಅಷ್ಟು ಹೊತ್ತಿನಲ್ಲಿ ಮನುಷ್ಯ ಕಣ್ಣು ಮಿಟುಕಿಸುವುದಿಲ್ಲ.

"ಕನ್ನಡಕದ ನಂಬರು ಸ್ವಲ್ಪ ಜಾಸ್ತಿ ಆಗಿದೆ," ಎಂದರು ಮೇಷ್ಟ್ರು. "ಅಷ್ಟೇ."

ಹೇಳಿದ ಮೇಲೆ ಒಳಗೊಳಗೇ ಹಾಯೆನಿಸಿತು. ಹಾಯೆನಿಸಿತಲ್ಲ ಎಂದು ಮೈ ಉರಿಯಿತು. ಎರಡೂ ಒಟ್ಟಿಗೇ ಆದವು.

ತಾಯಿ ನಿಟ್ಟುಸಿರು ಬಿಟ್ಟಳು. ಮಗಳ ಹಣೆಬರಹಕ್ಕೆ ಯಾರೇನು ಮಾಡೋಕಾಗತ್ತೆ, ನೀವು ಇಷ್ಟು ದೂರ ಮೆಟ್ಟಿಲು ಹತ್ತಿ ಬಂದ್ರಲ್ಲ, ಯಾವ ಮೇಷ್ಟ್ರು ಬರ್ತಾರೆ ಸರ್ ಎಂದಳು. ಗೋಡೆಯ ಮೊಳೆಯಿಂದ ಸ್ಕೂಲ್ ಬ್ಯಾಗು ತೆಗೆದು, ಇನ್ನು ಇದು ಇಲ್ಲಿ ಯಾಕೆ ಎಂಬಂತೆ ಮಂಚದ ಕೆಳಗೆ ತಳ್ಳಿದಳು. ಮೇಷ್ಟ್ರು ಎದ್ದರು. ಹುಡುಗಿ ಅವರ ಚಪ್ಪಲಿಯನ್ನು ಕಾಲಿನ ಹತ್ತಿರಕ್ಕೆ, ಎಡಬಲ ಸರಿಯಾಗಿ, ತಂದಿಟ್ಟಳು.

"ಒಂದ್ನಿಮಿಷ ಸರ್," ಎಂದು ತಾಯಿ ತಡೆದಳು. ಮಗಳ ಭುಜ ಹಿಡಿದು ಅವರ ಮುಂದೆ ತಂದು ನಿಲ್ಲಿಸಿದಳು. "ನಾಳೆಯಿಂದ ಕೆಲಸಕ್ಕೆ ಇಳೀತಾಳೆ. ನೀವೇ ಬಂದಿದ್ದೀರಿ. ನಾಲ್ಕು ಬುದ್ಧಿಮಾತು ಹೇಳಿ ಹೋಗಿ. ನಿಮ್ಮ ಮಾತು ಅಂದ್ರೆ ಅವಳು ಮೀರಲ್ಲ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಅಷ್ಟು ವರ್ಷ ಮಾತಾಡಿ ಬದುಕಿದ ಬಾಯಿ, ಅದಕ್ಕೆ ಮಾತಿನ ಕೊರತೆಯೇ?

"ಗಮನ ಇಟ್ಟು ಕೆಲಸ ಮಾಡಮ್ಮ," ಎಂದರು. "ದೊಡ್ಡವರು ಹೇಳಿದ ಹಾಗೆ ಕೇಳು."

"ಹೂಂ ಸರ್," ಎಂದಳು ಹುಡುಗಿ.